ಸೋಮವಾರ ಸೂಜಿ ಪರೀಕ್ಷೆಗೆ ಹೋಗೋಣ, ಮಗಳೇ

ಪುಟ್ಟೀ,

ನಿನ್ನೆ ಫೋನಿನಲ್ಲಿ "ಸೂಜಿ ಚುಚ್ಚಿದರೆ ಗಂಟು ಮೈಯೆಲ್ಲ ಹರಡುತ್ತಂತೆ, ಹೌದೇನಮ್ಮಾ?" ಅಂದೆಯಲ್ಲ, ಆಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಆ ಮಾತು ನಂಬಿ ನೀನೆಲ್ಲಿ ಪರೀಕ್ಷೆ ಮುಂದಕ್ಕೆ ಹಾಕುತ್ತೀಯೋ ಅನ್ನೋದೇ ಭಯ. ಲ್ಯಾಬಿನಲ್ಲಿ ಕತ್ತಿನ ಗಂಟಿನ ಎಷ್ಟು ಸ್ಲೈಡಿಗೆ ಬಣ್ಣ ಹಾಕಿದ್ದೇನೋ ಲೆಕ್ಕವಿಲ್ಲ. ಸೂಜಿಯಿಂದ ಗಂಟು ಹರಡುತ್ತೆ ಅನ್ನೋ ಭಯ ಬಿಟ್ಟುಬಿಡು. ಮೂರು ವಾರವಾದರೂ ಕರಗದ ಗಂಟನ್ನು ಹಾಗೇ ಇಟ್ಟುಕೊಂಡು ಕೂರೋದು ಮಾತ್ರ ಬೇಡ.

ಎಫ್‌ಎನ್‌ಎಸಿ ಅಂದರೆ ಗಂಟಿನಿಂದ ಸೂಜಿಯಲ್ಲಿ ಜೀವಕೋಶ ತೆಗೆದು ನೋಡೋ ಪರೀಕ್ಷೆ. ಅದರ ಸೂಜಿ ತೀರಾ ಸಣ್ಣದು, ಸಾಮಾನ್ಯವಾಗಿ 23 ಗೇಜಿನದು. ಡಾಕ್ಟರು ಗಂಟನ್ನು ಎರಡು ಬೆರಳ ನಡುವೆ ಹಿಡಿದು, ಸೂಜಿಯನ್ನು ಒಳಗೇ ನಾಲ್ಕಾರು ಸಲ ಹಿಂದೆ ಮುಂದೆ ಆಡಿಸುತ್ತಾರೆ. ಆಗ ಎಂಜಲು ನುಂಗಬೇಡ, ಮಾತಾಡಬೇಡ. ಬರೋದು ಒಂದು ಹನಿ. ಅದನ್ನು ಗಾಜಿನ ಮೇಲೆ ಬಿಟ್ಟು ಇನ್ನೊಂದು ಗಾಜಿನಿಂದ ಹಗುರವಾಗಿ ಎಳೆಯುತ್ತೇವೆ. ಒತ್ತಿ ಎಳೆದರೆ ಜೀವಕೋಶಗಳು ಜಜ್ಜಿಹೋಗುತ್ತವೆ. ಒಂದು ಸ್ಲೈಡು ಗಾಳಿಗೆ ಒಣಗುತ್ತೆ, ಇನ್ನೊಂದು ಆ ಕ್ಷಣವೇ ಆಲ್ಕೋಹಾಲಿಗೆ. ಟಿಬಿ ಗಂಟಾದರೆ ಎಷ್ಟೋ ಸಲ ಆ ಹನಿ ಒಡೆದ ಹಾಲಿನ ಹಾಗೆ ಚೂರುಚೂರಾಗಿರುತ್ತೆ, ನೋಡಿದ ಕೂಡಲೇ ಅನುಮಾನ ಬರುತ್ತೆ. ಜೀಲ್-ನೀಲ್ಸನ್ ಬಣ್ಣ ಹಾಕಿದರೆ ನೀಲಿಯ ನಡುವೆ ಸಣ್ಣ ಕೆಂಪು ಕಡ್ಡಿಗಳು, ಅವೇ ಟಿಬಿ ಕ್ರಿಮಿ. ಆದರೆ ಗಂಟಿನಲ್ಲಿ ಕ್ರಿಮಿ ಕಡಿಮೆ, ಎಷ್ಟೋ ಸಲ ಕಾಣೋದೇ ಇಲ್ಲ. ಅದಕ್ಕೇ "ಸ್ವಲ್ಪ ಸಿಬಿನ್ಯಾಟ್‌ಗೂ ಕಳಿಸಿ ಸಾರ್" ಅಂತ ಸೂಜಿ ಚುಚ್ಚುವ ಮೊದಲೇ ಕೇಳಬೇಕು; ಅದು ಟಿಬಿ ಕ್ರಿಮಿಯ ಡಿಎನ್ಎ ಹುಡುಕೋ ಪರೀಕ್ಷೆ. ಎಲ್ಲವನ್ನೂ ಸ್ಲೈಡಿಗೆ ಎಳೆದ ಮೇಲೆ ಕೇಳಿದರೆ ಮತ್ತೆ ಚುಚ್ಚಬೇಕಾಗುತ್ತೆ.

ನಿನ್ನ ದೊಡ್ಡಮ್ಮನ ವಿಷಯ ನಿನಗೆ ಪೂರ್ತಿ ಹೇಳಿರಲಿಲ್ಲ. ಅವಳ ಮೊದಲ ರಿಪೋರ್ಟಿನಲ್ಲಿ "ರಿಯಾಕ್ಟಿವ್" ಅಂತ ಬಂದಿತ್ತು, ಅಂದರೆ ಸೋಂಕಿಗೋ ಇನ್ನೇನಕ್ಕೋ ಊದಿದ ಗ್ರಂಥಿ. ಮನೆಯಲ್ಲಿ ದೇವರಿಗೆ ತುಪ್ಪದ ದೀಪ ಹಚ್ಚಿದೆವು. ಗಂಟು ಹೋಗದಿದ್ದರೆ ಮತ್ತೆ ಬನ್ನಿ ಅಂತ ಅಲ್ಲಿ ಯಾರೂ ಹೇಳಲಿಲ್ಲ, ಈ ಕೆಲಸದಲ್ಲೇ ಇದ್ದ ನಾನೂ ಸುಮ್ಮನಿದ್ದೆ. ನಾಲ್ಕು ತಿಂಗಳ ಮೇಲೆ ಇಡೀ ಗಂಟನ್ನೇ ತೆಗೆದು ನೋಡಿದಾಗ ಲಿಂಫೋಮಾ, ಅಂದರೆ ದುಗ್ಧಗ್ರಂಥಿಯ ಕ್ಯಾನ್ಸರ್. ಸೂಜಿಗೆ ಜೀವಕೋಶ ಸಿಗುತ್ತೆ, ಅವು ಒಳಗೆ ಹೇಗೆ ಜೋಡಿಸಿಕೊಂಡಿದ್ದವು ಅನ್ನೋದು ಸಿಗಲ್ಲ. ಲಿಂಫೋಮಾದಲ್ಲಿ ಆ ಜೋಡಣೆಯೇ ಮುಖ್ಯ. ಚಿಕಿತ್ಸೆ ಆಯಿತು, ಈಗ ಅವಳು ಚೆನ್ನಾಗಿದ್ದಾಳೆ. ಆದರೂ ಆ ನಾಲ್ಕು ತಿಂಗಳು ನನ್ನನ್ನು ಇನ್ನೂ ಕಾಡುತ್ತೆ. ಹಾಗಾಗಿ ನಿನ್ನ ರಿಪೋರ್ಟು ಏನೇ ಹೇಳಲಿ, ಗಂಟು ಕರಗುವವರೆಗೂ ನಾನು ನಿನ್ನನ್ನು ಬಿಡೋದಿಲ್ಲ. ಅಲ್ಲಿಯವರೆಗೆ ಯಾರು ಹೇಳಿದರೂ ಸ್ಟೀರಾಯ್ಡ್ ಮಾತ್ರೆ ನುಂಗಬೇಡ. ಗಂಟು ಕುಗ್ಗಿ, ಒಳಗಿನ ಕಾಯಿಲೆ ಮರೆಯಾಗಿಬಿಡಬಹುದು.

ಟಿಬಿ ಅಂತಲೇ ಬಂದರೆ ಸಾಮಾನ್ಯವಾಗಿ ಆರು ತಿಂಗಳ ಮಾತ್ರೆ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಎದೆಯ ಎಕ್ಸ್‌ರೇನೂ ತೆಗೆಸೋಣ. ಶ್ವಾಸಕೋಶಕ್ಕೆ ತಗುಲಿಲ್ಲ ಅಂದರೆ ರೂಮಿನ ಹುಡುಗಿಯರಿಗೆ ನಿನ್ನಿಂದ ಅಂಟೋದಿಲ್ಲ, ತಟ್ಟೆ ಲೋಟ ಬೇರೆ ಇಡೋದು ಬೇಡ.

ಕತ್ತು ಅಗಲವಾಗಿರೋ ಚೂಡಿದಾರ ಹಾಕಿಕೊ. ತಿಂಡಿ ತಿಂದುಕೊಂಡೇ ಇರು. ಭಾನುವಾರ ರಾತ್ರಿ ಬಸ್ಸಿಗೆ ಹೊರಟು ಬೆಳಗ್ಗೆ ಆರಕ್ಕೆಲ್ಲ ಹಾಸ್ಟೆಲ್ ಗೇಟಿನ ಹತ್ತಿರ ಇರುತ್ತೇನೆ.

ನಿನ್ನ ಅಮ್ಮ