ಈ ವಾರದ ಫೋಟೋ ವಿಷಯ: ಕಾಯುವುದು

ಎಲ್ಲರಿಗೂ ನಮಸ್ಕಾರ. ಈ ವಾರದ ವಿಷಯ ‘ಕಾಯುವುದು’. ಈ ವಾರವೇ ನೀವು ತೆಗೆದ ಒಂದೇ ಒಂದು ಫೋಟೋ, ಭಾನುವಾರ ರಾತ್ರಿ 8ರೊಳಗೆ ಇಲ್ಲಿ ಹಾಕಿ. ಹಳೆಯದು ಬೇಡ.

ಅದಕ್ಕಾಗಿ ದೂರ ಹೋಗಬೇಕಿಲ್ಲ. ನಿನ್ನೆ ದೇವರಾಜ ಮಾರ್ಕೆಟ್‌ನಲ್ಲಿ ಹೂವಿನ ಅಜ್ಜಿಯೊಬ್ಬರು ಮಲ್ಲಿಗೆ ಕಟ್ಟಿ ಮುಗಿಸಿ, ಮೇಲೆ ನೀರು ಚಿಮುಕಿಸಿ, ಕೈ ಮಡಿಲಲ್ಲಿಟ್ಟು ಕೂತಿದ್ದರು. ಆ ಒದ್ದೆ ಬೆರಳುಗಳನ್ನಷ್ಟೇ ತೆಗೆದೆ, ಅವರನ್ನು ಕೇಳಿಯೇ. ನೀವೂ ಜನರ ಫೋಟೋ ತೆಗೆಯುವ ಮುಂಚೆ ಕೇಳಿ, ದಯವಿಟ್ಟು.

ವಾಟ್ಸಾಪ್‌ನಲ್ಲಿ ಸುಮ್ನೆ ಕಳಿಸಿದರೆ ಫೋಟೋ ಮಸುಕಾಗುತ್ತೆ ಅಲ್ವಾ, ಡಾಕ್ಯುಮೆಂಟ್ ಆಗಿ ಕಳಿಸಿ. ತೆಗೆದಾಗ ಮನಸ್ಸು ಹೇಗಿತ್ತು ಅಂತ ಎರಡು ಸಾಲು ಬರೆಯಿರಿ. ನನಗೆ ಆ ಸಾಲುಗಳೇ ಜಾಸ್ತಿ ಇಷ್ಟ.

ಯಾರ್ಯಾರು ಸೇರುತ್ತೀರಿ? ಇವತ್ತೇ ತಿಳಿಸಿ. ಮುಂದಿನ ವಾರಕ್ಕೆ ವಿಷಯ ಹೊಳೆದರೆ ಅದನ್ನೂ ಹೇಳಿ.