ಮೈಕ್ರೊಪ್ಲಾಸ್ಟಿಕ್ ಸುದ್ದಿ: ಪ್ರಮಾಣ ಎಲ್ಲಿ?

ಮಾನ್ಯರೇ,

‘ಮೈಕ್ರೊಪ್ಲಾಸ್ಟಿಕ್‌ನಿಂದ ಕ್ಯಾನ್ಸರ್: ಸಾಬೀತು’ ಎಂದು ನಿನ್ನೆ ಮುಖಪುಟದಲ್ಲಿ ಹಾಕಿದ್ದೀರಿ. ಮೈಕ್ರೊಪ್ಲಾಸ್ಟಿಕ್ ಎಂದರೆ ಪ್ಲಾಸ್ಟಿಕ್ಕಿನ ಸೂಕ್ಷ್ಮ ಚೂರು; ಅದನ್ನು ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳ ಮೇಲೆ ಹಾಕಿ ನೋಡಿದ ಪ್ರಯೋಗದ ಸುದ್ದಿ ಅದು. ಯಾವ ಕೋಶದ ಮೇಲೆ, ಯಾವ ಕಣ, ಎಷ್ಟು ಪ್ರಮಾಣ ಎಂಬುದರ ಸುಳಿವೇ ವರದಿಯಲ್ಲಿಲ್ಲ. ಬೆಳಗಿನಿಂದ ನಮ್ಮ ಪ್ರಯೋಗಾಲಯದ ಫೋನಿಗೆ ಬಿಡುವಿಲ್ಲ. ಕಿಮೊಥೆರಪಿಗೆ ಹೋಗುವವರು ‘ಸಲೈನ್ ಚೀಲವೂ ಪ್ಲಾಸ್ಟಿಕ್ಕೇ ತಾನೆ, ಹಾಕಿಸಿಕೊಳ್ಳಬೇಕೋ ಬೇಡವೋ’ ಎಂದು ಕೇಳುತ್ತಿದ್ದಾರೆ. ಹಾಕಿಸಿಕೊಳ್ಳಲೇಬೇಕು, ಚಿಕಿತ್ಸೆ ಬಿಡಲೇಬಾರದು. ಇದನ್ನೂ ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕಿ.

ಇಂಥ ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಸುವುದು ಕ್ಯಾಕೋ-2, ಎ549 ಕೋಶಗಳನ್ನು. ಮೊದಲನೆಯದು ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆಯಿಂದ ಬಂದದ್ದು, ಎರಡನೆಯದು ಶ್ವಾಸಕೋಶದ ಗಡ್ಡೆಯಿಂದ. ಮೊದಲೇ ಕ್ಯಾನ್ಸರ್ ಆಗಿರುವ ಕೋಶಕ್ಕೆ ಪ್ಲಾಸ್ಟಿಕ್‌ನಿಂದ ಕ್ಯಾನ್ಸರ್ ಬಂತು ಎಂದು ಬರೆಯುವುದು ಹೇಗೆ? ಅವುಗಳ ಮೇಲೆ ಸುರಿಯುವುದು ಬಾಟಲಿಯಲ್ಲಿ ಸಿದ್ಧವಾಗಿ ಬರುವ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ನುಣುಪಾದ ಸೂಕ್ಷ್ಮ ಗುಂಡುಗಳನ್ನು. ದೇಹಕ್ಕೆ ಹೋಗುವುದು ಬಿಸಿಲಿಗೆ ಪುಡಿಯಾದ ಒರಟು ಚೂರು, ಬಟ್ಟೆಯ ಎಳೆ, ಟೈರಿನ ಧೂಳು. ಚೀಲಗಳಿಗೆ ಬಳಸುವ ಪಾಲಿಎಥಿಲೀನ್ ನೀರಿಗಿಂತ ಹಗುರ, ಕೋಶ ಬೆಳೆಸುವ ದ್ರವದ ಮೇಲೆ ತೇಲುತ್ತದೆ. ತಟ್ಟೆಯ ತಳಕ್ಕೆ ಅಂಟಿಕೊಂಡ ಕೋಶವನ್ನು ಮುಟ್ಟುವುದೇ ಕಷ್ಟ. ಇನ್ನು ಆ ಗುಂಡುಗಳ ಬಾಟಲಿಗಳಿಗೆ ಕೆಡದಿರಲೆಂದು ಸೋಡಿಯಂ ಅಜೈಡ್ ಬೆರೆಸಿರುವುದುಂಟು. ಅದು ತಾನೇ ಕೋಶಕ್ಕೆ ವಿಷ. ಡಯಾಲಿಸಿಸ್ ಮಾಡಿ, ಅಂದರೆ ತೆಳು ಪೊರೆಯ ಮೂಲಕ ಹೊರಬಿಟ್ಟು, ಅದನ್ನು ತೆಗೆಯದೆ ಹಾಕಿದರೆ ಅಜೈಡ್‌ಗೆ ಸತ್ತ ಕೋಶಗಳೂ ಪ್ಲಾಸ್ಟಿಕ್ಕಿನ ಲೆಕ್ಕಕ್ಕೇ ಸೇರುತ್ತವೆ. ಹೊಳೆಯುವ ಬಣ್ಣ ಹಾಕಿದ ಗುಂಡುಗಳಾದರೆ ಬಣ್ಣ ಮಾತ್ರ ಸೋರಿ ಒಳಹೋದರೂ ಸೂಕ್ಷ್ಮದರ್ಶಕದಲ್ಲಿ ಗುಂಡೇ ಹೋದಂತೆ ಕಾಣುತ್ತದೆ. ಹಾನಿ ಗುಂಡಿನದೋ ದ್ರವದ್ದೋ ಎಂದು ತಿಳಿಯಲು, ಗುಂಡು ಸೋಸಿ ತೆಗೆದ ಅದೇ ದ್ರವವನ್ನು ಇನ್ನೊಂದು ತಟ್ಟೆಗೆ ಹಾಕಿ ಹೋಲಿಸಿದ್ದಾರೆಯೇ ಎಂದು ನಿಮ್ಮ ವರದಿಗಾರರು ಒಂದು ಮಾತು ಕೇಳಬಾರದಿತ್ತೇ?

ವಾರಕ್ಕೆ ಒಂದು ಕ್ರೆಡಿಟ್ ಕಾರ್ಡ್‌ನಷ್ಟು, ಅಂದರೆ 5 ಗ್ರಾಂ ಪ್ಲಾಸ್ಟಿಕ್ ತಿನ್ನುತ್ತೇವೆ ಎಂಬ 2019ರ ಲೆಕ್ಕವನ್ನು ಮತ್ತೆ ಎಳೆದು ತಂದಿದ್ದೀರಿ. 2021ರ ಇನ್ನೊಂದು ಅಂದಾಜು ವಯಸ್ಕರಿಗೆ ವಾರಕ್ಕೆ 4.1 ಮೈಕ್ರೊಗ್ರಾಂ ಎನ್ನುತ್ತದೆ. ಹತ್ತು ಲಕ್ಷ ಪಟ್ಟಿಗೂ ಮೀರಿದ ಅಂತರ ಇದು. ವಿನೈಲ್ ಕ್ಲೋರೈಡ್ ಯಕೃತ್ತಿನ ಕ್ಯಾನ್ಸರ್ ತರುತ್ತದೆಂಬುದು ನಿಜ, 1974ರಲ್ಲಿ ಪಿವಿಸಿ ಕಾರ್ಖಾನೆಯ ಕಾರ್ಮಿಕರಲ್ಲೇ ಅದು ಬೆಳಕಿಗೆ ಬಂತು. ಆದರೆ ಅದು ಪಿವಿಸಿ ಪ್ಲಾಸ್ಟಿಕ್ ತಯಾರಿಸಲು ಬಳಸುವ ಅನಿಲ. ಅನಿಲಕ್ಕೂ ಪಿವಿಸಿ ಚೂರಿಗೂ ಇರುವ ವ್ಯತ್ಯಾಸ ವರದಿಯಲ್ಲಿ ಮಾಯವಾಗಿದೆ.

ಪ್ಲಾಸ್ಟಿಕ್ ನಿರಪಾಯ ಎಂದು ನಾವು ಹೇಳುತ್ತಿಲ್ಲ. 1 ಮೈಕ್ರೊಮೀಟರ್‌ಗಿಂತ ಚಿಕ್ಕ ಕಣವನ್ನು ಕೋಶ ನುಂಗುತ್ತದೆ, ತನ್ನೊಳಗಿನ ಕಸ ಕರಗಿಸುವ ಚೀಲವಾದ ಲೈಸೊಸೋಮ್‌ಗೆ ಸಾಗಿಸುತ್ತದೆ, ಅಲ್ಲಿ ಅದು ಕರಗುವುದಿಲ್ಲ. ಆಮ್ಲಜನಕದ ಉಗ್ರ ಅಣುಗಳು ಹೆಚ್ಚುತ್ತವೆ, ಐಎಲ್-6, ಐಎಲ್-8ರಂಥ ಉರಿಯೂತದ ಸಂಕೇತಗಳು ಏರುತ್ತವೆ, ಡಿಎನ್‌ಎ ಎಳೆ ತುಂಡಾದದ್ದನ್ನೂ ಪ್ರಯೋಗಗಳು ತೋರಿಸಿವೆ. ವರ್ಷಗಟ್ಟಲೆ ಆರದ ಉರಿಯೂತ ಕ್ಯಾನ್ಸರ್‌ಗೆ ದಾರಿ ಮಾಡಬಲ್ಲದು. 2022ರಲ್ಲಿ ನೆದರ್ಲೆಂಡ್ಸ್‌ನಲ್ಲಿ 22 ಜನರ ರಕ್ತ ನೋಡಿದಾಗ 17 ಮಂದಿಯಲ್ಲಿ ಪ್ಲಾಸ್ಟಿಕ್ ಸಿಕ್ಕಿತು. 2024ರ ಇಟಲಿಯ ಅಧ್ಯಯನದಲ್ಲಿ ಕತ್ತಿನ ರಕ್ತನಾಳದ ಕೊಬ್ಬಿನ ಪದರದಲ್ಲಿ ಪ್ಲಾಸ್ಟಿಕ್ ಇದ್ದವರಿಗೆ ಹೃದಯಾಘಾತ, ಪಾರ್ಶ್ವವಾಯು ಇಲ್ಲವೇ ಸಾವಿನ ಅಪಾಯ ಸುಮಾರು 4.5 ಪಟ್ಟು ಕಂಡಿತು; ಕಾರಣ ಪ್ಲಾಸ್ಟಿಕ್ಕೇ ಎಂದು ಅದರಿಂದ ಹೇಳಲಾಗದು, ಕ್ಯಾನ್ಸರ್ ವಿಷಯವಂತೂ ಅದರಲ್ಲಿಲ್ಲ. ಇಷ್ಟೇ ಸಾಕಷ್ಟು ಗಂಭೀರ. ಇದಕ್ಕೆ ಸುಳ್ಳು ಶೀರ್ಷಿಕೆ ಯಾಕೆ ಬೇಕು?

ಸರ್ಕಾರಗಳನ್ನಂತೂ ಕೇಳುವುದೇ ಬೇಡ. 2024ರ ಅಂತ್ಯಕ್ಕೆ ಜಾಗತಿಕ ಪ್ಲಾಸ್ಟಿಕ್ ಒಪ್ಪಂದ ಮುಗಿಸುತ್ತೇವೆಂದು 2022ರಲ್ಲಿ ನೈರೋಬಿಯಲ್ಲಿ ಒಪ್ಪಿಕೊಂಡರು. ದಕ್ಷಿಣ ಕೊರಿಯಾದ ಬೂಸಾನ್‌ನಲ್ಲಿ ಆಗಲಿಲ್ಲ, 2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲೂ ಆಗಲಿಲ್ಲ. ಉತ್ಪಾದನೆಗೆ ಮಿತಿ ಎಂದ ಕೂಡಲೇ ಮಾತುಕತೆ ನಿಲ್ಲುತ್ತದೆ. ಯಾವ ಪ್ಲಾಸ್ಟಿಕ್ಕಿಗೆ ಏನೇನು ಬೆರೆಸಿದೆ ಎಂಬ ಪೂರ್ತಿ ಪಟ್ಟಿ ಜನರ ಕೈಗೆ ಸಿಗುತ್ತಿಲ್ಲ, ಅದಿಲ್ಲದೆ ಪ್ರಯೋಗಾಲಯದಲ್ಲಿ ಏನನ್ನು ಪರೀಕ್ಷಿಸುವುದು?

ಪತ್ರಿಕೆ ತಿದ್ದುಪಡಿ ಪ್ರಕಟಿಸಲಿ. ಆ ಪಟ್ಟಿಯನ್ನು ಸಂಬಂಧಪಟ್ಟವರು ಹೊರಗೆ ಹಾಕಿಸಲಿ. ಎರಡೂ ಆಗದಿದ್ದರೆ ಕನಿಷ್ಠ ರೋಗಿಗಳನ್ನು ಹೆದರಿಸುವುದನ್ನಾದರೂ ಬಿಡಿ.

– ಕೋಶ ಪ್ರಯೋಗಾಲಯದ ಓದುಗರು