‘ಹೀಗಾಗಿ’ ಅಂದರೆ ಹೇಗಾಗಿ?

ಮಾನ್ಯ ಸಂಪಾದಕರೇ,

ಹತ್ತನೇ ತರಗತಿಯಲ್ಲಿ ಓದುತ್ತಿರುವ ನೆರೆಮನೆಯ ಹುಡುಗಿಯೊಬ್ಬಳು ಪರಿಸರ ಮಾಲಿನ್ಯದ ಬಗ್ಗೆ ತಾನು ಬರೆದ ಪ್ರಬಂಧವನ್ನು ತಿದ್ದಿಕೊಡಬೇಕೆಂದು ಕಳೆದ ವಾರ ನನ್ನಲ್ಲಿಗೆ ತಂದಿದ್ದಳು. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಲ್ಲವೂ ಇದ್ದವು, ಅಕ್ಷರವೂ ದುಂಡಗಿತ್ತು. ನಡುವೆ ಒಂದು ಕಡೆ ಹೀಗಿತ್ತು: ‘ಮರಗಳು ನಮಗೆ ಆಮ್ಲಜನಕವನ್ನು ಕೊಡುತ್ತವೆ. ಆದರೆ ಪ್ಲಾಸ್ಟಿಕ್ ಮಣ್ಣಿನಲ್ಲಿ ಕರಗುವುದಿಲ್ಲ. ಹೀಗಾಗಿ ನೀರು ಅಮೂಲ್ಯವಾದುದು.’ ‘ಹೀಗಾಗಿ ಅಂದರೆ ಹೇಗಾಗಿಯಮ್ಮಾ?’ ಎಂದು ಕೇಳಿದೆ. ‘ಅಂಥ ಪದಗಳನ್ನು ಹಾಕಿದರೆ ಅಂಕ ಬರುತ್ತದಂತೆ ಸರ್, ಟ್ಯೂಷನ್‌ನಲ್ಲಿ ಪಟ್ಟಿ ಕೊಟ್ಟಿದ್ದಾರೆ’ ಎಂದಳು. ಪಟ್ಟಿಯನ್ನೂ ತೋರಿಸಿದಳು. ಅದರಲ್ಲಿ ಆದರೆ, ಆದ್ದರಿಂದ, ಅಲ್ಲದೆ, ಹೀಗಾಗಿ, ಒಟ್ಟಿನಲ್ಲಿ ಮುಂತಾದ ಇಪ್ಪತ್ತು ಪದಗಳಿದ್ದವು. ಯಾವುದನ್ನು ಎಲ್ಲಿ ಬಳಸಬೇಕೆಂಬ ಒಂದು ಸಾಲೂ ಇರಲಿಲ್ಲ.

ವ್ಯಾಕರಣದ ಪಾಠದಲ್ಲಿ ಸಂಬಂಧಾರ್ಥಕ ಅವ್ಯಯಗಳೆಂದು, ಅಂದರೆ ಮಾತಿಗೆ ಮಾತನ್ನು ಬೆಸೆಯುವ ಪದಗಳೆಂದು, ಬಾಯಿಪಾಠ ಮಾಡಿಸುವ ಈ ಪದಗಳನ್ನು ಸ್ವಲ್ಪ ಬಿಡಿಸಿ ನೋಡಿದರೆ, ಅವುಗಳಲ್ಲಿ ಬಹುಪಾಲು ‘ಆಗು’, ‘ಅಲ್ಲ’, ‘ಎನ್ನು’ ಎಂಬ ಮೂರರಿಂದಲೇ ಹುಟ್ಟಿದವೆಂಬುದು ಕಾಣುತ್ತದೆ. ಆದರೆ, ಆದರೂ, ಆದ್ದರಿಂದ, ಹೀಗಾಗಿ ಇವೆಲ್ಲ ‘ಆಗು’ವಿನ ಮಕ್ಕಳು, ‘ಅಲ್ಲದೆ’ ಎಂಬುದು ‘ಅಲ್ಲ’ದ್ದು, ಏಕೆಂದರೆ, ಹಾಗೆಂದು, ಅಂದರೆ ಇವು ‘ಎನ್ನು’ವಿನವು. ಇವುಗಳಲ್ಲಿ ಪ್ರತಿಯೊಂದೂ ಹಿಂದಿನ ಮಾತಿನತ್ತ ಬೆರಳು ತೋರಿಸಿಯೇ ಮುಂದಕ್ಕೆ ಹೋಗುತ್ತದೆ. ‘ಆದ್ದರಿಂದ’ ಎಂದಾಗ ಆದದ್ದು ಏನು ಎಂಬುದು ಅದರ ಹಿಂದೆಯೇ ಇರಬೇಕು. ‘ಅಲ್ಲದೆ’ ಎಂದಾಗ ಯಾವುದು ಅಲ್ಲದೆ ಎಂಬುದಕ್ಕೆ ಉತ್ತರವಿರಬೇಕು. ‘ಏಕೆಂದರೆ’ ಎಂಬುದಂತೂ ಓದುವವನ ಮನಸ್ಸಿನಲ್ಲಿ ಎದ್ದ ‘ಏಕೆ?’ ಎಂಬ ಪ್ರಶ್ನೆಯನ್ನು ಬರೆಯುವವನೇ ಕೇಳಿ ಉತ್ತರಿಸುವ ಕ್ರಮ. ಇದು ಇಂಗ್ಲಿಷಿನಿಂದ ಬಂದ ವಾಕ್ಯರಚನೆಯೆಂದು ಕೆಲವರು ಮೂಗು ಮುರಿಯುವುದುಂಟು. ಹಳಗನ್ನಡದ ಗದ್ಯಕೃತಿಯಾದ ವಡ್ಡಾರಾಧನೆಯ ಕಥೆಗಳು ‘ಅದೆಂತೆಂದೊಡೆ’ (ಅದು ಹೇಗೆಂದರೆ) ಎಂದು ತೊಡಗುವುದನ್ನು ಅವರು ಒಮ್ಮೆ ನೆನೆಯಬಹುದು.

ಕನ್ನಡದಲ್ಲಿ ಬೆಸುಗೆಯ ಕೆಲಸ ಹೆಚ್ಚಾಗಿ ನಡೆಯುವುದು ಬಿಡಿ ಪದದಲ್ಲಲ್ಲ, ಪದದ ಕೊನೆಯಲ್ಲಿ ಎಂಬುದು ಇನ್ನೂ ಮುಖ್ಯವಾದ ಸಂಗತಿ. ‘ಅವನು ಬಂದನು ಮತ್ತು ಊಟ ಮಾಡಿದನು ಮತ್ತು ಹೊರಟನು’ ಎಂದು ಯಾವ ಮನೆಯಲ್ಲೂ ಯಾರೂ ಹೇಳುವುದಿಲ್ಲ. ‘ಬಂದು, ಊಟ ಮಾಡಿ, ಹೊರಟ’ ಎನ್ನುತ್ತಾರೆ. ‘ಮಳೆ ಬಂದಿತು. ಆದ್ದರಿಂದ ಆಟ ನಿಂತಿತು’ ಎನ್ನುವುದರ ಬದಲು ‘ಮಳೆ ಬಂದದ್ದರಿಂದ ಆಟ ನಿಂತಿತು’ ಎಂದರೆ ಕಾರಣ ಮತ್ತು ಪರಿಣಾಮಗಳ ನಡುವೆ ಉಸಿರು ಕಡಿಯುವುದಿಲ್ಲ. ‘ಅಣ್ಣನೂ ತಮ್ಮನೂ ಬಂದರು’ ಎಂಬಲ್ಲಿ ಒಂದು ‘ಊ’ಕಾರವೇ ಸಾಕು. ‘ಮತ್ತು’ ಬೇಡವೆಂದು ನಾನು ಹೇಳುತ್ತಿಲ್ಲ, ಮೇಲೆ ನಾನೂ ಬಳಸಿದ್ದೇನೆ. ಪಟ್ಟಿ ಕೊಡುವವರು ಈ ಪ್ರತ್ಯಯಗಳನ್ನು ಮಾತ್ರ ಮಕ್ಕಳಿಗೆ ಹೇಳುತ್ತಲೇ ಇಲ್ಲವಲ್ಲ ಎಂಬುದು ನನ್ನ ಬೇಸರ.

ಮಕ್ಕಳನ್ನಷ್ಟೇ ದೂರಿ ಫಲವಿಲ್ಲ. ದೂರದರ್ಶನದ ವಾರ್ತೆಗಳಲ್ಲಿ, ಪತ್ರಿಕೆಗಳ ವರದಿಗಳಲ್ಲಿ (ತಮ್ಮದೂ ಸೇರಿದಂತೆ ಎಂದರೆ ಕ್ಷಮೆಯಿರಲಿ) ಎರಡನೆಯ ಪ್ಯಾರಾ ‘ಇನ್ನು’ ಎಂದೇ ತೊಡಗುವುದು ಈಗ ರೂಢಿಯಾಗಿದೆ. ಒಂದು ಮಾತನ್ನು ಮುಗಿಸಿ ಮತ್ತೊಂದಕ್ಕೆ ಹೊರಳುವಾಗ ‘ಇನ್ನು’ ಒಪ್ಪುತ್ತದೆ. ಮೊದಲ ಪ್ಯಾರಾದಲ್ಲಿ ಹೇಳಿದ ಅಪಘಾತದ್ದೇ ಗಾಯಾಳುಗಳು ಯಾವ ಆಸ್ಪತ್ರೆಯಲ್ಲಿದ್ದಾರೆಂದು ತಿಳಿಸಲು ಅದು ಏಕೆ? ‘ಮತ್ತು’ ಎರಡು ಸಲ ಬರಬಾರದೆಂಬ ಸಂಕೋಚದಿಂದ ‘ಮೈಸೂರು ಮತ್ತು ಮಂಡ್ಯ ಹಾಗೂ ಹಾಸನ’ ಎಂದು ಬರೆಯುವುದೂ ಇಂಥದ್ದೇ. ಮೊದಲೆರಡು ಊರುಗಳು ಒಂದು ಜೋಡಿಯೇ, ಮೂರನೆಯದು ಬೇರೆಯೇ ಎಂಬ ಅನುಮಾನ ಹುಟ್ಟುತ್ತದೆ.

ಕಚೇರಿಯ ಪ್ರಕಟಣೆಗಳಲ್ಲಿ ಈ ಅಜಾಗರೂಕತೆ ಜನರ ಕಾಲಿಗೇ ತೊಡರುತ್ತದೆ. ‘ಆಧಾರ್ ಕಾರ್ಡ್ ಮತ್ತು ಪಡಿತರ ಚೀಟಿ’ ಎಂದರೆ ಎರಡೂ ಬೇಕು, ‘ಅಥವಾ’ ಎಂದರೆ ಒಂದು ಸಾಕು. ‘ಮತ್ತು/ಅಥವಾ’ ಎಂದು ನಡುವೆ ಗೆರೆ ಎಳೆದುಬಿಟ್ಟರೆ, ಸರದಿಯಲ್ಲಿ ಒಂದು ಗಂಟೆ ನಿಂತು ಕಿಟಕಿಯ ಮುಂದೆ ಬಂದ ಮೇಲೆಯೇ ಅರ್ಥ ತಿಳಿಯಬೇಕು.

ಆ ಹುಡುಗಿಗೆ ನಾನು ಹೇಳಿಕೊಟ್ಟದ್ದು ಇಷ್ಟೇ: ಬರೆದು ಮುಗಿಸಿದ ಮೇಲೆ ಇಂಥ ಪದಗಳಿಗೆಲ್ಲ ಪೆನ್ಸಿಲಿನಲ್ಲಿ ಸುತ್ತು ಹಾಕು, ಒಂದೊಂದನ್ನೂ ಮುಚ್ಚಿಟ್ಟು ಗಟ್ಟಿಯಾಗಿ ಓದು, ಏನೂ ಕಳೆದಂತೆ ಅನಿಸದಿದ್ದರೆ ಅಳಿಸು. ಹದಿನಾಲ್ಕರಲ್ಲಿ ಐದು ಉಳಿದವು. ‘ಹೀಗಾಗಿ’ ಹೋಯಿತು, ಅದರ ಜೊತೆಗೆ ನೀರಿನ ಮಾತೂ ತನ್ನದೇ ಬೇರೆ ಪ್ಯಾರಾಕ್ಕೆ ಹೋಯಿತು. ತಮ್ಮ ಸುದ್ದಿಮನೆಯ ಮೇಜಿನ ಮೇಲೆಯೂ ಅಂಥದೊಂದು ಪೆನ್ಸಿಲ್ ಇರಲಿ, ಮೊದಲ ಸುತ್ತು ‘ಇನ್ನು’ವಿಗೆ ಬೀಳಲಿ ಎಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಅಧ್ಯಾಪಕ, ಸಾಗರ